ಕೂತರೆ ಸಿಗುವುದು, ಎದ್ದರೆ ಹೋಗುವುದು

ಹೋದ ಎರಡು ವಾರ ಈ ಅಂಕಣದಲ್ಲಿ ಧ್ಯಾನಕ್ಕೆ ಕೂರುವ ಬಗೆ, ಉಸಿರನ್ನು ಗಮನಿಸುವ ಬಗೆ ಬರೆದಿದ್ದೆ. ಓದಿದವರೊಬ್ಬರು ಒಂದೇ ಸಾಲಿನ ಪ್ರಶ್ನೆ ಕಳಿಸಿದ್ದಾರೆ: ‘ಇಪ್ಪತ್ತು ವರ್ಷದಿಂದ ಕೂರುತ್ತಿದ್ದೇನೆ, ಇನ್ನೆಷ್ಟು ದಿನ ಬೇಕು?’ ನಿದ್ದೆಗೆಡಿಸುವ ಪ್ರಶ್ನೆ. ಅವರಿಗೆ ಬೇಕಾಗಿರುವುದು ಮನಸ್ಸಿನ ನೆಮ್ಮದಿಯಾದರೆ ಅದು ಎಂದೋ ಸಿಕ್ಕಿರಬೇಕು. ಅದ್ವೈತದ ಅರಿವು ಬೇಕೆಂದಾದರೆ ಎಷ್ಟು ದಿನ ಕೂತರೂ ಸಾಲದು. ದಿನದ ಲೆಕ್ಕಕ್ಕೆ ಸಿಗುವಂಥದ್ದಲ್ಲ ಅದು.

ನನಗೆ ಇದು ತಿಳಿದದ್ದು ಒಂದು ಮಾಗಿಯ ಬೆಳಿಗ್ಗೆ. ಐದು ಗಂಟೆಗೆ ಸಂಪಿನ ಮೋಟರ್ ಹಾಕಿ, ದೇವರ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದೆ. ಅಂದು ಮನಸ್ಸು ಎಂದೂ ಇಲ್ಲದಷ್ಟು ತಿಳಿಯಾಗಿತ್ತು. ಉಸಿರು ಒಳಗೆ ಹೋಗುತ್ತಿದೆಯೋ ಹೊರಗೆ ಬರುತ್ತಿದೆಯೋ ತಿಳಿಯದಷ್ಟು ಸಣ್ಣಗಾಗಿತ್ತು. ತೊಡೆಯ ಮೇಲಿಟ್ಟ ಕೈ ಎಲ್ಲಿ ಮುಗಿದು ತೊಡೆ ಎಲ್ಲಿ ಶುರುವಾಗುತ್ತದೆ ಎಂಬುದೇ ಅಳಿಸಿಹೋಗಿತ್ತು. ಇಷ್ಟು ವರ್ಷ ಕಾದದ್ದು ಇದಕ್ಕೇ ಅಂದುಕೊಳ್ಳುವ ಹೊತ್ತಿಗೆ ಮೇಲಿನ ಟ್ಯಾಂಕ್ ತುಂಬಿ, ನೀರು ಸಜ್ಜೆಯ ಮೇಲೆ ಧೋ ಎಂದು ಸುರಿಯತೊಡಗಿತು. ‘ಮೋಟರ್ ಆಫ್ ಮಾಡ್ರೀ!’ ಎಂದು ಒಳಗಿನಿಂದ ಕೂಗು. ಓಡಿದೆ. ಸ್ವಿಚ್ ಒತ್ತುವ ಬೆರಳು ಸಿಟ್ಟಿಗೆ ನಡುಗುತ್ತಿತ್ತು. ಮರುದಿನ, ಅದರ ಮರುದಿನ ಅದೇ ಚಾಪೆ, ಅದೇ ಹೊತ್ತು. ಆ ನಿಶ್ಶಬ್ದ ಮಾತ್ರ ಮರಳಲಿಲ್ಲ.

ನನಗೆ ಶಂಕರಭಾಷ್ಯದ ಪಾಠ ಹೇಳುವ ಮೇಷ್ಟರ ಹತ್ತಿರ ಸಂಕಟ ತೋಡಿಕೊಂಡೆ. ‘ನಿನ್ನೆ ರಾತ್ರಿ ನಿದ್ದೆ ಚೆನ್ನಾಗಿ ಬಂತೇನ್ರೀ?’ ಅಂದರು. ಬಂತು ಅಂದೆ. ‘ಅಲ್ಲಿ ನೀವು ಬೇರೆ, ಪ್ರಪಂಚ ಬೇರೆ ಅಂತ ಇತ್ತೋ?’ ಇರಲಿಲ್ಲ. ‘ಎದ್ದಮೇಲೆ?’ ಎರಡೂ ಬಂದವು. ‘ನೋಡಿ, ಎರಡಿಲ್ಲದ ಸ್ಥಿತಿ ದಿನಾ ರಾತ್ರಿ ಕೇಳದೇನೇ ಸಿಗ್ತಾ ಇದೆ. ಅದರಿಂದ ಅಜ್ಞಾನ ಹೋಯ್ತಾ? ಹೋಗದಿದ್ದಮೇಲೆ ಅಂಥದ್ದೇ ಇನ್ನೊಂದು ಸ್ಥಿತಿ ಕಳೆದುಹೋಯ್ತು ಅಂತ ಯಾಕೆ ಅಳ್ತೀರಿ?’

ಇದು ಮೇಷ್ಟರು ಹೊಸದಾಗಿ ಹೊಸೆದ ಮಾತಲ್ಲ. ಬ್ರಹ್ಮಸೂತ್ರ ಭಾಷ್ಯದ ಎರಡನೆಯ ಅಧ್ಯಾಯದಲ್ಲಿ ಶಂಕರರು ನಿದ್ದೆಯನ್ನೂ ಸಮಾಧಿಯನ್ನೂ ಒಟ್ಟಿಗೇ ಇಟ್ಟು ಹೇಳುವುದೂ ಇದನ್ನೇ: ಎರಡರಲ್ಲೂ ಭೇದ ತೋರುವುದಿಲ್ಲ, ಆದರೆ ತಪ್ಪುತಿಳಿವಳಿಕೆ ಹಾಗೆಯೇ ಉಳಿದಿರುವುದರಿಂದ ಎದ್ದಕೂಡಲೇ ಭೇದವೂ ಎದ್ದು ಬರುತ್ತದೆ. ಇದಕ್ಕೂ ಮೊದಲೇ, ಅದೇ ಭಾಷ್ಯದ ಸಮನ್ವಯಾಧಿಕರಣದಲ್ಲಿ, ಅವರು ಬುಡಕ್ಕೇ ಕೈಹಾಕಿದ್ದಾರೆ. ಧ್ಯಾನ ಪುರುಷತಂತ್ರ, ಜ್ಞಾನ ವಸ್ತುತಂತ್ರ. ಧ್ಯಾನ ನನ್ನ ಕೈಯಲ್ಲಿದೆ. ಮಾಡಬಹುದು, ಬಿಡಬಹುದು, ಬೇರೆ ರೀತಿಯಲ್ಲೂ ಮಾಡಬಹುದು. ಪಂಚಾಗ್ನಿವಿದ್ಯೆಯೆಂಬ ಉಪಾಸನೆಯಲ್ಲಿ ಪುರುಷನನ್ನು ಅಗ್ನಿಯೆಂದು ಭಾವಿಸು ಎಂದಾಗ ಹಾಗೆ ಭಾವಿಸಬಹುದು. ಒಲೆಯ ಬೆಂಕಿಯನ್ನು ಬೆಂಕಿಯೆಂದು ತಿಳಿಯುವುದರಲ್ಲಿ ಮಾತ್ರ ನನ್ನ ಇಷ್ಟಾನಿಷ್ಟ ನಡೆಯದು. ಅದು ಇದ್ದಂತೆ ತಿಳಿಯುತ್ತದೆ, ಅಷ್ಟೇ. ಮಲ್ಲಿಗೆಯ ವಾಸನೆ ಮೂಗಿಗೆ ಬಡಿದಮೇಲೆ ಅದನ್ನು ಸಂಪಿಗೆಯೆಂದು ಭಾವಿಸಿಕೊಳ್ಳಬಹುದು, ಸಂಪಿಗೆಯೆಂದು ಅರಿಯಲಾಗದು. ಆತ್ಮನಾದರೋ ಈಗಾಗಲೇ ಇರುವ ವಸ್ತು. ಇರುವುದನ್ನು ನನ್ನ ಪ್ರಯತ್ನದಿಂದ ಇನ್ನಷ್ಟು ‘ಇರಿಸುವುದು’ ಹೇಗೆ?

ಕನ್ನಡಿಗರು ಈ ಮಾತನ್ನು ಕನ್ನಡದಲ್ಲೇ ಓದುವಂತಾದದ್ದರಲ್ಲಿ ಹೊಳೆನರಸೀಪುರದ ಪಾಲು ದೊಡ್ಡದು. ಶಾಲಾ ಮೇಷ್ಟರಾಗಿದ್ದ ಸುಬ್ರಹ್ಮಣ್ಯ ಶರ್ಮರು 1920ರಲ್ಲಿ ಕಟ್ಟಿದ ಅಧ್ಯಾತ್ಮಪ್ರಕಾಶ ಕಾರ್ಯಾಲಯ ಆಮೇಲೆ ನೆಲೆಯೂರಿದ್ದು ಅಲ್ಲೇ. ಮುಂದೆ ಸಚ್ಚಿದಾನಂದೇಂದ್ರ ಸರಸ್ವತಿಗಳಾಗಿ 1975ರವರೆಗೆ ಬಾಳಿದ ಅವರು ಶಂಕರಭಾಷ್ಯಗಳನ್ನು ಕನ್ನಡಕ್ಕೆ ತಂದರು. ತುರೀಯವೆಂದರೆ ಎಚ್ಚರ, ಕನಸು, ನಿದ್ದೆಗಳ ಆಚೆ ಇರುವ ನಾಲ್ಕನೆಯ ಸ್ಥಿತಿಯಲ್ಲ, ಆ ಮೂರೂ ಯಾವುದರಲ್ಲಿ ಬಂದುಹೋಗುತ್ತವೋ ಅದು ಎಂಬುದನ್ನು ಅವರಷ್ಟು ಪಟ್ಟುಹಿಡಿದು ಹೇಳಿದವರು ನನಗೆ ಕಂಡಿಲ್ಲ.

ನಮ್ಮ ನೆಲದ ಇನ್ನೊಂದು ದಾರಿಯೂ ನೆನಪಾಗುತ್ತದೆ. ವಿಜಯಪುರ ಜಿಲ್ಲೆಯ ಇಂಚಗೇರಿ ಮಠದ ಭಾವೂಸಾಹೇಬ ಮಹಾರಾಜರದು ದೀರ್ಘವಾದ ನಾಮಧ್ಯಾನದ ಸಾಧನೆ. ಅವರ ಶಿಷ್ಯ ಸಿದ್ಧರಾಮೇಶ್ವರ ಮಹಾರಾಜರು ಅದನ್ನು ಇರುವೆಯ ದಾರಿ, ಪಿಪೀಲಿಕಾ ಮಾರ್ಗ, ಎಂದರು; ಧ್ಯಾನವನ್ನೂ ದಾಟುವ ವಿಚಾರದ ದಾರಿಯನ್ನು ಹಕ್ಕಿಯ ದಾರಿ, ವಿಹಂಗಮ ಮಾರ್ಗ, ಎಂದರು. 1933ರಲ್ಲಿ ಅವರನ್ನು ಕಂಡ ಮುಂಬೈಯ ಬೀಡಿ ಅಂಗಡಿಯವರೇ ಆಮೇಲೆ ನಿಸರ್ಗದತ್ತ ಮಹಾರಾಜರೆಂದು ಹೆಸರಾದರು. ಇರುವೆ, ಹಕ್ಕಿಯ ಹೋಲಿಕೆ ಸೊಗಸಾಗಿದೆ, ಆದರೂ ನನಗೊಂದು ತಕರಾರು: ಇರುವೆಯಂತೆ ಹಕ್ಕಿಗೂ ತಾನು ತಲುಪಬೇಕಾದ ಹಣ್ಣು ದೂರದಲ್ಲೇ ಇದೆ. ಅದಕ್ಕಿಂತ ಹೊಳೆ ದಾಟಿದ ಹತ್ತು ಜನರ ಹಳೆಯ ಕಥೆಯೇ ನನಗೆ ಹತ್ತಿರ. ತನ್ನನ್ನು ಬಿಟ್ಟು ಎಣಿಸಿ, ಒಬ್ಬ ಮುಳುಗಿದನೆಂದು ಅಳುತ್ತಿದ್ದವನಿಗೆ ‘ಹತ್ತನೆಯವನು ನೀನೇ’ ಎಂದ ಗಳಿಗೆಯಲ್ಲಿ ಆತ ಒಂದು ಹೆಜ್ಜೆಯನ್ನೂ ನಡೆಯಲಿಲ್ಲ. ಹೊಸದಾಗಿ ಏನೂ ಸಿಗಲಿಲ್ಲ. ಅಳು ನಿಂತಿತು.

ಹಾಗಾದರೆ ಚಾಪೆ ಸುತ್ತಿಡಬೇಕೇ? ಬೇಡ. ನಾನು ಇಂದಿಗೂ ಐದಕ್ಕೆ ಕೂರುತ್ತೇನೆ. ಚಿತ್ತಶುದ್ಧಿಗೆ, ಏಕಾಗ್ರತೆಗೆ ಉಪಾಸನೆ ಬೇಕೆಂದು ಶಂಕರರೂ ಒಪ್ಪುತ್ತಾರೆ. ಕೂತವನಿಗೆ ಸಿಟ್ಟು ಬೇಗ ಇಳಿಯುತ್ತದೆ, ಕೇಳಿದ ಮಾತು ನಾಟುತ್ತದೆ. ಅದಕ್ಕೆ ಕೊಡಲಾಗದ್ದನ್ನು ಅದರಿಂದ ಕೇಳುವುದಷ್ಟೇ ಬೇಡ.

ಪ್ರಶ್ನೆ ಕಳಿಸಿದವರೇ, ಈ ಇಪ್ಪತ್ತು ವರ್ಷಗಳಲ್ಲಿ ಮನಸ್ಸು ನಿಂತ ದಿನವೂ ನಿಮಗೆ ಗೊತ್ತು, ಅಲೆದ ದಿನವೂ ಗೊತ್ತು. ನಿಂತದ್ದು ಗೊತ್ತಾಗಲು ಹೆಚ್ಚು ಬೆಳಕೇನೂ ಬೇಕಾಗಲಿಲ್ಲ, ಅಲೆದದ್ದು ಗೊತ್ತಾಗುವಾಗ ಅದು ಕಡಿಮೆಯೂ ಆಗಲಿಲ್ಲ. ಅಂದು ಆ ನಿಶ್ಶಬ್ದವೂ ಸಜ್ಜೆಯ ಮೇಲೆ ಸುರಿದ ನೀರೂ ಬೆರಳಿನ ನಡುಕವೂ ಒಂದೇ ಅರಿವಿನಲ್ಲಿ ತೋರಿದ್ದವು. ನಾನು ನಿಶ್ಶಬ್ದವನ್ನು ಮಾತ್ರ ಆರಿಸಿಕೊಂಡು ಅದರ ಹಿಂದೆ ಹೋದೆ. ಮಾಂಡೂಕ್ಯ ಕಾರಿಕೆಯ ಮೂರನೆಯ ಪ್ರಕರಣ ತೆಗೆದು ನೋಡಿ. ಮನಸ್ಸು ನಿಲ್ಲುವಾಗ ಹುಟ್ಟುವ ಸುಖವನ್ನು ಸವಿಯುತ್ತ ಕೂರಬಾರದೆಂದು ಗೌಡಪಾದರು ಅಲ್ಲಿ ಎಚ್ಚರಿಸುತ್ತಾರೆ. ಟ್ಯಾಂಕ್ ತುಂಬಿ ಸುರಿದ ಆ ವಾರವೇ ಮೇಷ್ಟರು ನನ್ನಿಂದ ಆ ಪುಟ ತೆಗೆಸಿ, ಗಟ್ಟಿಯಾಗಿ ಎರಡು ಸಲ ಓದಿಸಿದ್ದರು.