ಕೂತಾಗಿನ ಬಿಪಿ, ನಿಂತಾಗಿನ ಬಿಪಿ

ನಂಜನಗೂಡಾಗಲಿ, ತಿ. ನರಸೀಪುರವಾಗಲಿ, ಬಿಪಿ ನೋಡಿಸಿಕೊಳ್ಳುವುದು ಈಗ ಕಷ್ಟವಲ್ಲ. ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ಪಟ್ಟಿ ಸುತ್ತಿ, ಚೀಟಿಯಲ್ಲಿ ಅಂಕಿ ಬರೆದು ಮಾತ್ರೆ ಕೊಡುತ್ತಾರೆ. 2024ರಲ್ಲಿ ಕೋಲಾರದಲ್ಲಿ ಆರಂಭವಾದ ‘ಗೃಹ ಆರೋಗ್ಯ’ ಯೋಜನೆ ಈ ತಪಾಸಣೆಯನ್ನು ಮನೆ ಬಾಗಿಲಿಗೇ ತಂದಿತು. ಸದ್ದಿಲ್ಲದೆ ಬೆಳೆಯುವ ಕಾಯಿಲೆಯನ್ನು ಹಿಡಿಯಲು ಇದು ಒಳ್ಳೆಯ ಪದ್ಧತಿಯೇ. ಆದರೆ ಕೂತಾಗಿನ ಅಂಕಿಯೇ ಪೂರ್ತಿ ಲೆಕ್ಕ ಎಂದು ನಂಬಿದರೆ, ವಯಸ್ಸಾದವರ ವಿಷಯದಲ್ಲಿ ಎಡವುತ್ತೇವೆ.

ನಮ್ಮ ರಕ್ತದಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಸಿರೆಗಳಲ್ಲಿರುತ್ತದೆ. ಎದ್ದು ನಿಂತೊಡನೆ ಅರ್ಧ ಲೀಟರಿನಷ್ಟೋ ಅದಕ್ಕೂ ಹೆಚ್ಚೋ ಹೊಟ್ಟೆ, ಕಾಲುಗಳತ್ತ ಇಳಿಯುತ್ತದೆ. ಒತ್ತಡ ತಗ್ಗಿದ ಸುದ್ದಿಯನ್ನು ಕುತ್ತಿಗೆಯ ಅಪಧಮನಿಯಲ್ಲಿರುವ ನರತುದಿಗಳು ಮಿದುಳಿಗೆ ಮುಟ್ಟಿಸುತ್ತವೆ. ಆಗ ನರಗಳಿಂದ ಹೊರಬಿದ್ದ ನಾರ್‌ಅಡ್ರಿನಲಿನ್ ಸಿರೆಗೋಡೆಯ ಆಲ್ಫಾ ಗ್ರಾಹಕಗಳಿಗೆ ತಾಗುತ್ತದೆ. ಸಿರೆಗಳು, ಅದರಲ್ಲೂ ಹೊಟ್ಟೆಯ ಭಾಗದವು, ಬಿಗಿದು ರಕ್ತವನ್ನು ಹೃದಯಕ್ಕೆ ಮರಳಿಸುತ್ತವೆ. ಇದು ಕ್ಷಣಗಳ ಕೆಲಸ. ಮೂತ್ರಪಿಂಡದ ಬೀಟಾ ಗ್ರಾಹಕಗಳದ್ದು ನಿಧಾನದ ಕೆಲಸ: ರೆನಿನ್ ಬಿಡುಗಡೆ ಮಾಡಿಸಿ, ಉಪ್ಪು ನೀರು ಉಳಿಸಿ, ರಕ್ತದ ಪ್ರಮಾಣವನ್ನೇ ಕಾಯುವುದು. ಆಲ್ಫಾ, ಬೀಟಾ ಎಂಬ ಈ ವಿಂಗಡಣೆಯನ್ನು 1948ರಲ್ಲಿ ಮುಂದಿಟ್ಟವರು ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್.

ಆಲ್ಫಾ ಗ್ರಾಹಕವನ್ನು ತಡೆಯುವ ಪ್ರಾಜೋಸಿನ್‌ನಿಂದ ಮಹಾರಾಷ್ಟ್ರದ ಮಹಾಡದ ವೈದ್ಯ ಹಿಮ್ಮತರಾವ್ ಬಾವಸ್ಕರ್ ಚೇಳು ಕಚ್ಚಿದವರನ್ನು ಉಳಿಸಿದರು. ಅದೇ ಮಾತ್ರೆಯ ಮೊದಲ ಡೋಸಿಗೆ ಎದ್ದು ನಿಂತವರು ಕುಸಿದು ಬೀಳುವುದೂ ಉಂಟು. ಪ್ರಾಸ್ಟೇಟ್ ತೊಂದರೆಗೆ ಕೊಡುವ ಟ್ಯಾಮ್ಸುಲೋಸಿನ್ ಇದೇ ಬಳಗದ್ದು; ಪರಿಣಾಮ ಮೃದು, ಅಪಾಯ ಪೂರ್ತಿ ಇಲ್ಲವೆನ್ನುವಂತಿಲ್ಲ. ಅದನ್ನು ನುಂಗುವ ಎಪ್ಪತ್ತರ ಅಜ್ಜನೊಬ್ಬ ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ತಗೊಂಡು, ಬೇಸಿಗೆಯ ಬಿಸಿಲಲ್ಲಿ ಬೆವರಿ, ಶ್ರೀಕಂಠೇಶ್ವರನ ದರ್ಶನಕ್ಕೆ ಸರದಿಯಲ್ಲಿ ನಿಂತನೆನ್ನಿ. ರಕ್ತದ ಪ್ರಮಾಣ ಮೊದಲೇ ತಗ್ಗಿದೆ, ಸಿರೆ ಬಿಗಿಯುವುದಕ್ಕೂ ತಡೆ. ಕಣ್ಣು ಕತ್ತಲೆ ಬಂದು ಬಿದ್ದರೆ ಮನೆಯವರು ಉಪವಾಸ, ಸುಸ್ತು ಎನ್ನುತ್ತಾರೆ. ಚೀಟಿಯಲ್ಲಿರುವ ಕೂತಾಗಿನ ಅಂಕಿ ಅವರ ಮಾತನ್ನು ಅಲ್ಲಗಳೆಯುವುದಿಲ್ಲ.

ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಐದು ನಿಮಿಷ ಮಲಗಿಸಿ ಅಥವಾ ಕೂರಿಸಿ ಒಮ್ಮೆ, ನಿಂತ ಒಂದನೇ ಮತ್ತು ಮೂರನೇ ನಿಮಿಷಕ್ಕೆ ಮತ್ತೆ ಅಳೆದರಾಯಿತು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಔಷಧಿ ಪಟ್ಟಿಯನ್ನು ವೈದ್ಯರು ಮತ್ತೊಮ್ಮೆ ನೋಡಬೇಕು. ಸರದಿ ಉದ್ದವಿರುವಾಗ ಎಲ್ಲರಿಗೂ ಇದು ಆಗದ ಮಾತು, ಒಪ್ಪೋಣ. ಅರವತ್ತೈದು ದಾಟಿದವರಿಗೆ, ತಲೆಸುತ್ತು ಎಂದವರಿಗೆ, ಪ್ರಾಸ್ಟೇಟ್ ಮಾತ್ರೆ ನುಂಗುವವರಿಗಾದರೂ ನಿಲ್ಲಿಸಿ ಅಳೆಯಲೇಬೇಕು. ಓದುಗರೇ, ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಮುಂದಿನ ಸಲ ಹೋದಾಗ ನಿಂತಾಗಿನ ಬಿಪಿಯನ್ನೂ ನೋಡಿ ಎಂದು ಕೇಳಿ.