ಮಳೆಗಾಲಕ್ಕೆ ಒಗ್ಗುವ ಬಿಳುಪು

ಫ್ಲ್ಯಾಟಿನ ಒಳಕೋಣೆಯಲ್ಲಿ ಎಲ್‌ಇಡಿ ಬೆಳಕಿನಡಿ ಮೆಂತೆ, ಸಾಸಿವೆಯ ಮೈಕ್ರೋಗ್ರೀನ್ಸ್ ಬೆಳೆಸುವವರಿಗೆ ಸಿಗುವ ಮೊದಲ ಸಲಹೆಯೇ ಗೋಡೆಗೆ ಮೈಲಾರ್ ಹಾಳೆ ಅಂಟಿಸಿ ಎನ್ನುವುದು. ಪಾಲಿಯೆಸ್ಟರ್ ಮೇಲೆ ಅಲ್ಯುಮಿನಿಯಂ ಲೇಪಿಸಿದ ಈ ಹಾಳೆ ಹೊಸದಿರುವಾಗ ತನ್ನ ಮೇಲೆ ಬಿದ್ದ ಬೆಳಕಿನ ಸುಮಾರು ಶೇ 90ರಷ್ಟನ್ನು ಮರಳಿಸುತ್ತದೆ. ಒಳ್ಳೆಯ ಮ್ಯಾಟ್ ಬಿಳಿ ಬಣ್ಣ ಶೇ 80ರ ಆಸುಪಾಸು. ಎರಡು ಸಲ ಪುಟಿಯುವಷ್ಟರಲ್ಲಿ 90 ಇದ್ದದ್ದು 81 ಆಗುತ್ತದೆ, 80 ಇದ್ದದ್ದು 64ಕ್ಕಿಳಿಯುತ್ತದೆ. ಅಂತರ ದೊಡ್ಡದೇ. ಆದರೂ ಮಂಗಳೂರಿನ ಬಿಜೈಯ ಮನೆಗೆ ಮೈಲಾರ್ ತಕ್ಕದ್ದಲ್ಲ ಎಂದೇ ನಾನು ಹೇಳುತ್ತೇನೆ.

ಇಲ್ಲಿಂದ ಕಡಲು ಕೆಲವೇ ಕಿಲೋಮೀಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಹಾಕಿದ ಬಟ್ಟೆಯೇ ಒಣಗುವುದಿಲ್ಲ. ಹಳೆಯ ಮನೆಗಳ ಕೆಂಪುಕಲ್ಲಿನ ಗೋಡೆ ನೀರು ಕುಡಿದು ಮೆಲ್ಲಗೆ ಬಿಟ್ಟುಕೊಡುತ್ತದೆ. ಅದಕ್ಕೆ ಪ್ಲಾಸ್ಟಿಕ್ ಹೊದಿಸಿದರೆ ತೇವ ಹಿಂದೆಯೇ ಸಿಕ್ಕಿಕೊಂಡು ಬೂಷ್ಟು ಹಿಡಿಯುತ್ತದೆ. ಗೀರು ಬಿದ್ದಲ್ಲಿ ಉಪ್ಪುಗಾಳಿ ತಗಲಿ ಅಲ್ಯುಮಿನಿಯಂ ಮಂಕಾಗುತ್ತದೆ. ಶೇ 90 ಎನ್ನುವುದು ಹೊಸ ಹಾಳೆಯ ಮಾತು, ಆಗಸ್ಟಿನ ಗೋಡೆಯದ್ದಲ್ಲ.

ಅಡುಗೆಮನೆಯ ಫಾಯಿಲ್ ಎಲೆ ಸುಡುತ್ತದೆ ಎಂಬ ಹೆದರಿಕೆ ಉತ್ಪ್ರೇಕ್ಷೆ. ಅದರ ನಿಜವಾದ ದೋಷ ಸುಕ್ಕು: ಒಂದು ಕಡೆ ಬೆಳಕು ಹೆಚ್ಚು, ಪಕ್ಕದಲ್ಲೇ ಕಡಿಮೆ. ಜೊತೆಗೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ಒದ್ದೆ ಕೋಣೆಯಲ್ಲಿ ವಯರಿನ ಪಕ್ಕ ಅದು ಇರಲೇಬಾರದು. ಕಲ್ಲಂಗಡಿ ಸಾಲಿಗೆ ಹಾಸುವ ಮಲ್ಚಿಂಗ್ ಶೀಟಿನ ಬೆಳ್ಳಿ ಬಣ್ಣವೂ ಕಣ್ಣಿಗಷ್ಟೇ ಹೊಳಪು, ಬಿಳಿ ಗೋಡೆಗೆ ಸಮವಲ್ಲ.

ನಮ್ಮ ಹಿರಿಯರು ಬಳಿಯುತ್ತಿದ್ದ ಸುಣ್ಣದ ಮಾತನ್ನು ಈ ಚರ್ಚೆಯಲ್ಲಿ ಯಾರೂ ಎತ್ತುವುದಿಲ್ಲ, ಅದು ನನಗೆ ಬೇಸರದ ಸಂಗತಿ. ಹೊಸ ಸುಣ್ಣ ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತದೆ, ಹಾಗಾಗಿ ಎಲೆಯ ಅಡಿಗೂ ಅದು ತಲುಪುತ್ತದೆ. ಗೋಡೆಯ ತೇವ ಹೊರಹೋಗಲು ಬಿಡುತ್ತದೆ. ಅದರ ಕ್ಷಾರಗುಣ ಬೂಷ್ಟನ್ನು ತಡೆಯುತ್ತದೆ. ಕೈಗೆ ಮೆತ್ತುವ ಪುಡಿ ಮಾತ್ರ ತೊಂದರೆ, ತಿನ್ನುವ ಸೊಪ್ಪಿನ ಮೇಲೆ ಅದು ಉದುರಬಾರದು. ಪ್ಲಾಸ್ಟಿಕ್ ಪೇಂಟ್ ಬಳಿದ ಗೋಡೆಗೆ ಸುಣ್ಣ ನಿಲ್ಲುವುದೂ ಇಲ್ಲ. ಅಲ್ಲಿ ಬೂಷ್ಟು ತಡೆಯುವ ಮ್ಯಾಟ್ ಬಿಳಿಯೇ ಗತಿ.

ಇಷ್ಟಕ್ಕೂ ಮೈಕ್ರೋಗ್ರೀನ್ಸಿನ ಟ್ಯೂಬ್ ತಟ್ಟೆಯಿಂದ ಒಂದಡಿ ಎತ್ತರದಲ್ಲಿರುತ್ತದೆ. ಬೆಳಕು ಸೋರಿಹೋಗುವುದು ರ‍್ಯಾಕಿನ ಬದಿಗಳಿಂದ. ಗೋಡೆಯನ್ನು ತಲುಪಿ ಹಿಂದಿರುಗುವ ಹೊತ್ತಿಗೆ ಅದು ಹರಡಿ ತೆಳುವಾಗಿರುತ್ತದೆ. ಆದ್ದರಿಂದ ಗೋಡೆಗೆ ಸುಣ್ಣವೋ ಮ್ಯಾಟ್ ಬಿಳಿಯೋ ಸಾಕು. ರ‍್ಯಾಕಿನ ಬದಿಗೆ ಮಾತ್ರ ಬಿಳಿ ಪಿವಿಸಿ ಶೀಟನ್ನು ತೂಗುಹಾಕಿ, ಮೇಲೆ ಕೆಳಗೆ ಗಾಳಿಯಾಡಲು ಜಾಗ ಬಿಡಬೇಕು. ವಾರಕ್ಕೊಮ್ಮೆ ಕಳಚಿ ಒರೆಸಬಹುದು. ಥರ್ಮೋಕೋಲ್ ಅಗ್ಗವೆಂದು ಅದನ್ನು ಕಟ್ಟುವವರಿದ್ದಾರೆ. ಇರುವೆ ಗೂಡು ಮಾಡುತ್ತದೆ, ಬೆಂಕಿಯೂ ಬೇಗ ಹಿಡಿಯುತ್ತದೆ. ಮೈಲಾರಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಎಗ್ಸಾಸ್ಟ್ ಫ್ಯಾನ್ ಹಾಕಿಸಿದರೆ ಸೊಪ್ಪಿಗೂ ಗೋಡೆಗೂ ಹೆಚ್ಚು ಒಳ್ಳೆಯದು.