ಹಾಲಿಗೆ ಬಂದ ಹಂಡೆ

ಮಲೆನಾಡು ಮತ್ತು ಕೊಡಗಿನಲ್ಲಿ ಎದ್ದಿರುವ ಐಷಾರಾಮಿ ಬಾಡಿಗೆ ಮನೆಗಳ ಒಳಾಂಗಣದ ಬಗ್ಗೆ ಈಚೆಗೆ ಬರೀ ಹೊಗಳಿಕೆಯೇ ಕೇಳಿಬರುತ್ತಿದೆ. ಒಳಾಂಗಣ ವಿನ್ಯಾಸದ ಪತ್ರಿಕೆಗಳು ಪುಟಗಟ್ಟಲೆ ಚಿತ್ರ ಹಾಕುತ್ತವೆ. ಕೆತ್ತನೆಯ ಕಂಬ, ಹಿತ್ತಾಳೆ ಸರಪಳಿಯ ತೂಗುಮಂಚ, ಗಾಜಿನ ಗೋಡೆಯಾಚೆ ಕಾಫಿ ತೋಟ, ಮಂಜು. ಪರಂಪರೆಗೂ ಆಧುನಿಕ ಸೌಕರ್ಯಕ್ಕೂ ಇಲ್ಲಿ ಮದುವೆಯಾಗಿದೆ ಎಂದು ಬರೆಯದ ಲೇಖನವನ್ನು ನಾನು ಇನ್ನೂ ಓದಿಲ್ಲ. ಈ ಹೊಗಳಿಕೆಯಲ್ಲಿ ಮುಕ್ಕಾಲು ಪಾಲು ಸಲ್ಲದ್ದು ಎಂಬುದು ನನ್ನ ಖಚಿತ ಅಭಿಪ್ರಾಯ. ಈ ಮನೆಗಳನ್ನು ಸಜ್ಜುಗೊಳಿಸುವವರಿಗೆ ಕಣ್ಣಿದೆ, ಹಣವಿದೆ, ಹುಡುಕಿ ತರುವ ಶ್ರದ್ಧೆಯೂ ಇದೆ. ಮಳೆಯ ಲೆಕ್ಕ ಮಾತ್ರ ಇಲ್ಲ.

ಹೋಂಸ್ಟೇಗಳು ಹೇಗೆ ಹುಟ್ಟಿದವು, ತೋಟದ ಮನೆಯವರು ಕೋಣೆ ಬಾಡಿಗೆಗೆ ಕೊಡಲು ಯಾಕೆ ಮುಂದಾದರು ಎಂಬುದು ಓದುಗರಿಗೆ ಗೊತ್ತಿರುವ ಕಥೆ. ಒಂದು ವ್ಯತ್ಯಾಸವನ್ನಷ್ಟೇ ನೆನಪಿಸಬೇಕು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯಲ್ಲಿ ಗರಿಷ್ಠ 6 ಕೋಣೆ, ಮನೆಯವರು ಅಲ್ಲೇ ವಾಸವಿರಬೇಕು. ನಾನು ಹೇಳುತ್ತಿರುವ ವಿಲ್ಲಾಗಳ ಜಾತಿಯೇ ಬೇರೆ. ಮಾಲೀಕರು ಬೆಂಗಳೂರಿನಲ್ಲಿ, ಮನೆ ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಮಡಿಕೇರಿಯಾಚೆಯೋ. ನೋಡಿಕೊಳ್ಳಲು ಒಬ್ಬ ಮೇಟಿ, ಅವನ ಹೆಂಡತಿ, ಒಬ್ಬ ಅಡಿಗೆಯವ. ಸಾಮಾನು ಆರಿಸುವವರು ಆರಿದ್ರಾ ಮಳೆಯಲ್ಲಿ ಆ ಮನೆಯಲ್ಲಿ ಒಂದು ವಾರ ಮಲಗಿದವರಲ್ಲ. ಎಲ್ಲ ದೋಷವೂ ಅಲ್ಲಿಂದಲೇ ಹೊರಡುತ್ತದೆ.

ಕಂಬಗಳು ಕಾರೈಕುಡಿಯಿಂದ ಬರುತ್ತವೆ. ಚೆಟ್ಟಿನಾಡಿನ ಹಳೆಯ ಬಂಗಲೆಗಳನ್ನು ಕೆಡವಿದಾಗ ಸಿಕ್ಕ ಬರ್ಮಾ ತೇಗದ ಕಂಬ, ಬಾಗಿಲು, ಚೌಕಟ್ಟು ಅಲ್ಲಿನ ಅಂಗಡಿಗಳಲ್ಲಿ ಮಾರಾಟಕ್ಕಿವೆ. ನೆಲಕ್ಕೆ ಆತಂಗುಡಿ ಟೈಲ್ಸ್. ಮೇಜು, ಕಪಾಟು, ಡ್ರಾಯರ್‌ಗಳಿಗೆ ಜೋಧ್‌ಪುರ. ಒಂದೊಂದೂ ಅದರದರ ನೆಲದಲ್ಲಿ ಚೆಂದದ ವಸ್ತುವೇ. ಆದರೆ ಮರ ಸುತ್ತಲ ಗಾಳಿಯ ತೇವಕ್ಕೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಶೇಕಡ 35ರ ಆಸುಪಾಸಿನ ತೇವಾಂಶದ ಒಣ ಗಾಳಿಯಲ್ಲಿ ಮರದೊಳಗೆ ನಿಲ್ಲುವ ನೀರು ಅದರ ಒಣ ತೂಕದ 7 ಪ್ರತಿಶತದಷ್ಟು. ಶೇಕಡ 90ರ ಗಾಳಿಯಲ್ಲಿ ಅದು 20ರ ಹತ್ತಿರಕ್ಕೆ ಏರುತ್ತದೆ. ಜೋಧ್‌ಪುರದಲ್ಲಿ ಒಣಗಿಸಿ ಕೂಡಿಸಿದ ಮಾವಿನ ಮರದ ಡ್ರಾಯರು ಜುಲೈ ತಿಂಗಳ ಮೂಡಿಗೆರೆಯಲ್ಲಿ ಉಬ್ಬಿ ಕಚ್ಚಿಕೊಳ್ಳುವುದಕ್ಕೆ ಬಡಗಿ ಹೊಣೆಯಲ್ಲ. ಎಳೆದು ಎಳೆದು ಹಿಡಿ ಕಿತ್ತುಬಂದ ಕಪಾಟುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತೋಟದಂಚಿನ ಹಲಸು, ಊರ ಬಡಗಿ ಅಲ್ಲಿಯ ಮಳೆಗಾಲ ಕಂಡು ಸಡಿಲ ಬಿಟ್ಟು ಮಾಡಿದ ಕೆಲಸ ಈ ಮನೆಗಳಲ್ಲಿ ಕಾಣುವುದು ಅಪರೂಪ. ಪಕ್ಕದೂರಿನಲ್ಲಿ ಸಿಗುವುದು ಮನೆ ಸಜ್ಜುಗೊಳಿಸುವವರ ಕಣ್ಣಿಗೆ ಪರಂಪರೆಯಾಗಿ ತೋರುವುದಿಲ್ಲ.

ನನಗೆ ಅತಿ ಹೆಚ್ಚು ಬೇಸರ ತಂದದ್ದು ಬಚ್ಚಲುಮನೆ. ಅಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು.

ಒಂದು ವಿಲ್ಲಾವನ್ನೇ ತೆಗೆದುಕೊಳ್ಳೋಣ, ಹೆಸರು ಬೇಡ. ನಾಲ್ಕು ಮಲಗುವ ಕೋಣೆ, ಒಂದು ರಾತ್ರಿಗೆ 25,000 ರೂಪಾಯಿ ಮೇಲೆ. ಹಾಲಿನ ನಡುವೆ, ಎತ್ತರದ ಕಲ್ಲಿನ ಪೀಠದ ಮೇಲೆ, ಬೆಳಗಿದ ತಾಮ್ರದ ಹಂಡೆ. ಅದರೊಳಗೆ ಒಣ ಹೂವು, ಮೇಲಿಂದ ಬೀಳುವ ಸಣ್ಣ ದೀಪದ ಬೆಳಕು. ಕತ್ತಿನ ಕೆಳಗೆ ಮಸಿ ಹಿಡಿದ ಕಪ್ಪನ್ನು ಹುಳಿ ಹಾಕಿ ಉಜ್ಜಿ, ಮೇಲೆ ವಾರ್ನಿಷ್ ಬಳಿದಿದ್ದಾರೆ. ನೂರು ಲೀಟರ್ ನೀರು ಹಿಡಿಯುವ ಹಂಡೆ. ಮಲೆನಾಡಿನ ಮನೆಗಳಲ್ಲಿ ಇದು ಬಚ್ಚಲ ಒಲೆಯ ಮೇಲೆ ಗಾರೆಯಲ್ಲಿ ಹೂತು ಕೂರುತ್ತಿತ್ತು. ಅಡಿಕೆ ಸಿಪ್ಪೆ, ಸೋಗೆ, ಗರಟೆ, ತೋಟದ ಸವರಿದ ಕೊಂಬೆ ಉರಿಸಿದರೆ ಬೆಳಗಿನ ಜಾವದಿಂದ ರಾತ್ರಿವರೆಗೆ ಮನೆಮಂದಿಗೆಲ್ಲ ಬಿಸಿನೀರು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಅದನ್ನು ತೊಳೆದು, ಹಿಂಡ್ಲೆಕಾಯಿ ಬಳ್ಳಿ ಸುತ್ತಿ ಪೂಜಿಸುತ್ತಿದ್ದುದು ಅದು ಮನೆಯ ಬಿಸಿಯ ಮೂಲವಾಗಿದ್ದರಿಂದ.

ಈಗ ಬಚ್ಚಲಿಗೆ ಬನ್ನಿ. ಕಿಟಕಿ ಪಕ್ಕ, ತೋಟಕ್ಕೆ ಮುಖ ಮಾಡಿ, ನಾಲ್ಕೂ ಕಡೆ ಬಿಡಿಯಾಗಿ ನಿಂತ ಬಿಳಿ ಬಾತ್‌ಟಬ್. ಆ ಮನೆಯ ಎಲ್ಲ ಜಾಹೀರಾತುಗಳಲ್ಲೂ ಮೊದಲ ಚಿತ್ರ ಅದೇ. ನೆತ್ತಿಯ ಮೇಲೆ ಹತ್ತು ಇಂಚಿನ ರೇನ್ ಶವರ್. ಇವೆರಡಕ್ಕೂ ಬಿಸಿನೀರು ಕೊಡಲು ಫಾಲ್ಸ್ ಸೀಲಿಂಗಿನ ಮೇಲೆ ಅಡಗಿಸಿಟ್ಟದ್ದು 25 ಲೀಟರಿನ ಒಂದು ಗೀಸರ್.

ಲೆಕ್ಕ ಮಾಡಿ ನೋಡೋಣ. ಮಳೆಗಾಲದಲ್ಲಿ ಟ್ಯಾಂಕಿನ ನೀರು 18 ಡಿಗ್ರಿ ಎಂದಿಟ್ಟುಕೊಳ್ಳಿ. ಗೀಸರ್ ಅದನ್ನು 60 ಡಿಗ್ರಿಗೆ ಕಾಯಿಸುತ್ತದೆ. ಸ್ನಾನಕ್ಕೆ ಬೇಕಾದ 40 ಡಿಗ್ರಿಗೆ ತಣ್ಣೀರು ಬೆರೆಸಿದರೆ ಒಟ್ಟು ಸಿಗುವುದು ಸುಮಾರು 48 ಲೀಟರ್. ಆ ಅಗಲದ ಶವರು ನಿಮಿಷಕ್ಕೆ 12 ಲೀಟರ್ ಸುರಿಸುತ್ತದೆ. ಅಲ್ಲಿಗೆ ನಾಲ್ಕು ನಿಮಿಷದ ಸ್ನಾನ. ತಲೆಗೆ ಸೀಗೆಪುಡಿ ಹಾಕಿದವರು ಸೀಗೆಪುಡಿಯಲ್ಲೇ ನಿಲ್ಲಬೇಕು. ಟಬ್ಬಿನ ಸಂಗತಿ ಇನ್ನೂ ಕಷ್ಟ. ಅದಕ್ಕೆ 200 ಲೀಟರ್ ಬೇಕು ಎಂದರೆ 60 ಡಿಗ್ರಿಯ ನೀರೇ 105 ಲೀಟರ್ ಆಗಬೇಕು, ಅಂದರೆ ಆ ಗೀಸರು ನಾಲ್ಕು ಸಲಕ್ಕೂ ಹೆಚ್ಚು ಕಾಯಬೇಕು. 2 ಕಿಲೊವಾಟ್ ಕಾಯಿಲ್‌ಗೆ ಒಂದು ಸಲ ಕಾಯಲು 35 ನಿಮಿಷ ದಾಟುತ್ತದೆ. ಎರಡೂವರೆ ಗಂಟೆ ಕಾದು ಕೊನೆಯ ಪಾಳಿ ತುಂಬುವಷ್ಟರಲ್ಲಿ ಮೊದಲ ಪಾಳಿಯ ನೀರು ತಣ್ಣಗಾಗಿರುತ್ತದೆ. ಆ ಟಬ್ಬಿನಲ್ಲಿ ಬಿಸಿನೀರಿನ ಸ್ನಾನ ಸಾಧ್ಯವೇ ಇಲ್ಲ. ಅದಕ್ಕೂ ಮೊದಲು ಎಲ್ಲೋ ಮರ ಬಿದ್ದು ಕರೆಂಟು ಹೋಗುತ್ತದೆ. ಮನೆಯ ಇನ್ವರ್ಟರಿಗೆ ಗೀಸರ್ ಎಳೆಯುವ ತ್ರಾಣವಿಲ್ಲ.

ನೂರು ಲೀಟರ್ ಬಿಸಿನೀರು ಕೊಡುತ್ತಿದ್ದ ವಸ್ತು ಹಾಲಿನಲ್ಲಿ ಒಣ ಹೂವು ಹೊತ್ತು ನಿಂತಿದೆ, ನೂರು ಲೀಟರ್ ಬಿಸಿನೀರು ಬೇಕಾದ ವಸ್ತು ಬಚ್ಚಲಲ್ಲಿ ತಣ್ಣಗೆ ಕೂತಿದೆ. ಈ ಒಳಾಂಗಣಗಳ ಇಡೀ ತಪ್ಪು ಈ ಅದಲುಬದಲಿನಲ್ಲಿದೆ. ಬಳಕೆಯ ವಸ್ತುವನ್ನು ನೋಟಕ್ಕಿಟ್ಟು, ನೋಟದ ವಸ್ತುವನ್ನು ಬಳಕೆಯ ಜಾಗದಲ್ಲಿ ಕೂರಿಸಿದ್ದಾರೆ. ಸೇರು, ಪಾವು, ಕೊಳಗ, ಅಡಕತ್ತರಿ, ಬೀಸುವ ಕಲ್ಲು ಎಲ್ಲಕ್ಕೂ ಇದೇ ಗತಿ. ಹಂಡೆಯನ್ನೇ ಮತ್ತೆ ಒಲೆಗೇರಿಸಿ ಎಂದು ನಾನು ಹಟ ಹಿಡಿಯುವುದಿಲ್ಲ. ಮಲೆನಾಡಿನ ಮನೆಗಳಲ್ಲಿ ಇವತ್ತಿಗೂ ಹಿತ್ತಲಿನಲ್ಲಿ ಕಟ್ಟಿಗೆ ಬಾಯ್ಲರ್ ಇದೆ, ಅದರಿಂದ ಪೈಪು ಎಳೆದು ನಾಲ್ಕು ಬಚ್ಚಲಿಗೂ ಕೊಡಬಹುದು. ಸೋಲಾರ್ ಹಾಕಿ ಮಳೆಗಾಲಕ್ಕೆ ಬಾಯ್ಲರ್ ಜೋಡಿಸಿದವರಿದ್ದಾರೆ. ಯಾವುದೂ ಸಾಧ್ಯವಾಗದಿದ್ದರೆ ಟಬ್ಬು ಬಿಟ್ಟು, ದೊಡ್ಡ ಬಕೆಟ್ಟು, ಚೊಂಬು, ಕೂರಲು ಒಂದು ಮಣೆ ಇಡಲಿ. ನಲವತ್ತೆಂಟು ಲೀಟರಿನಲ್ಲಿ ಇಬ್ಬರು ಹಾಯಾಗಿ ಮೀಯಬಹುದು.

ಇನ್ನು ತೇವ. ಗಾಳಿಯ ತೇವಾಂಶ ಶೇಕಡ 70 ದಾಟಿ ಹಾಗೇ ನಿಂತರೆ ಬೂಷ್ಟು ಹಿಡಿಯುತ್ತದೆ. ಮಡಿಕೇರಿ, ಆಗುಂಬೆಗಳ ಕಡೆ ಜೂನಿನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಆದರೂ ಈ ಮನೆಗಳಲ್ಲಿ ದಪ್ಪ ಮಖಮಲ್ ಪರದೆ, ಗೋಡೆಯಿಂದ ಗೋಡೆಗೆ ರತ್ನಗಂಬಳಿ, ತೂತಿಲ್ಲದ ಪ್ಲೈವುಡ್ ಹಲಗೆಯ ಮೇಲೆ ಮೆಮೊರಿ ಫೋಮ್ ಹಾಸಿಗೆ. ಆ ಫೋಮು ಚಳಿಗೆ ಗಡುಸಾಗುತ್ತದೆ, ಮೈಯ ಬೆವರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಹಾಸಿಗೆ ಎತ್ತಿ ನೋಡಿದರೆ ಅಡಿಯಲ್ಲಿ ಹಸಿರು ಮಿಶ್ರಿತ ಕಪ್ಪು ಚುಕ್ಕೆ. ಪಟ್ಟಿ ಪಟ್ಟಿಯಾಗಿ ಸಂದು ಬಿಟ್ಟ ಮಂಚ, ಅದರ ಮೇಲೆ ನಾರಿನ ಹಾಸಿಗೆ ಹಾಕಿದ್ದರೆ ಕೆಳಗಿನಿಂದ ಗಾಳಿ ಆಡುತ್ತಿತ್ತು. ಕಪಾಟಿಗೆ ಗಾಳಿಸಂದಿನ ಬಾಗಿಲು, ನೆಲಕ್ಕೆ ಕೊಡವಿ ಬಿಸಿಲಿಗೆ ಹಾಕಬಹುದಾದ ನವಲಗುಂದದ ಜಮಖಾನ ಸಾಕಿತ್ತು. ಪ್ರತಿ ಕೋಣೆಗೂ ಒಂದೂವರೆ ಟನ್ ಎಸಿ ಹಾಕಿಸುವವರು ಒಂದೇ ಒಂದು ಡಿಹ್ಯೂಮಿಡಿಫೈಯರ್ ತಂದದ್ದನ್ನು ನಾನು ಕಂಡದ್ದು ಕಡಿಮೆ. ಗಾಳಿಯಿಂದ ನೀರು ಹಿಂಡಿ ಡಬ್ಬಿಗೆ ತುಂಬುವ ಈ ಯಂತ್ರಕ್ಕೆ ರೂಪವಿಲ್ಲ, ಚಿತ್ರದಲ್ಲಿ ಚೆನ್ನಾಗಿ ಬರುವುದಿಲ್ಲ. ಆದರೆ ಮಳೆಗಾಲದಲ್ಲಿ ಈ ಮನೆಗಳಿಗೆ ಅದಕ್ಕಿಂತ ಅಗತ್ಯವಾದ ಸಾಧನ ಇನ್ನೊಂದಿಲ್ಲ.

ಇಲ್ಲಿ ಇನ್ನೊಂದು ಗುಂಪಿನ ವಿಮರ್ಶಕರ ಜತೆ ಜಗಳ ತೆಗೆಯಲೇಬೇಕು. ವಿಲ್ಲಾಗಳನ್ನು ಅವರೂ ಟೀಕಿಸುತ್ತಾರೆ, ಆದರೆ ಅವರ ತಕರಾರು ಯಂತ್ರಗಳ ಮೇಲೆ. ತೋಟದ ಮನೆಗೆ ವಾಷಿಂಗ್ ಮಷಿನ್ ಯಾಕೆ, ಡ್ರೈಯರ್ ಯಾಕೆ, ಮಲೆನಾಡಿನ ಸರಳ ಬದುಕು ಮಾಯವಾಯಿತಲ್ಲ ಎಂಬ ಕೊರಗು. ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಸರಳ ಬದುಕು ಎಂದು ಅವರು ಕರೆಯುವುದು ಯಾರದೋ ರಟ್ಟೆಯ ಕೆಲಸ. ಎಂಟು ಜನ ಇಳಿದುಕೊಂಡ ಮನೆಯಲ್ಲಿ ಅವರು ಹೋದ ದಿನ ಎಷ್ಟು ಬಟ್ಟೆ ಬೀಳುತ್ತದೆ ಎಂದು ಈ ವಿಮರ್ಶಕರು ಒಮ್ಮೆ ಎಣಿಸಲಿ. ಹೋಟೆಲ್ ದರ್ಜೆಯ ದಪ್ಪ ಟವೆಲ್ ಚದರ ಮೀಟರಿಗೆ 600 ಗ್ರಾಂ ತೂಗುತ್ತದೆ. ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲದ ಒಂದು ಟವೆಲ್ಲೇ 675 ಗ್ರಾಂ. ಎಂಟು ಟವೆಲ್ಲು ಸುಮಾರು ಐದೂವರೆ ಕಿಲೋ. ಮಷಿನ್ನಿನಲ್ಲಿ ಹಿಂಡಿದ ಮೇಲೂ ತನ್ನ ತೂಕದ ಅರ್ಧಕ್ಕೂ ಹೆಚ್ಚು ನೀರು ಅದರಲ್ಲಿ ಉಳಿದಿರುತ್ತದೆ. ಹಾಸು, ಹೊದಿಕೆ, ದಿಂಬಿನ ಚೀಲ ಬೇರೆ. ಮರುದಿನ ಮಧ್ಯಾಹ್ನಕ್ಕೆ ಮುಂದಿನ ತಂಡ. ಹೊರಗೆ ಪುನರ್ವಸು ಮಳೆ.

ಆ ಬಟ್ಟೆಯನ್ನು ಒಣಗಿಸುವವಳು ಮೇಟಿಯ ಹೆಂಡತಿ. ಬಚ್ಚಲ ಒಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಗಿಸುವ ಪದ್ಧತಿ ಮಲೆನಾಡಿನಲ್ಲಿತ್ತು. ವಿಲ್ಲಾದಲ್ಲಿ ಒಲೆಯೂ ಇಲ್ಲ, ಗಳವೂ ಇಲ್ಲ. ಅವಳು ತನ್ನ ಎರಡು ಕೋಣೆಯ ಮನೆಯೊಳಗೆ ಹಗ್ಗ ಕಟ್ಟಿ, ಫ್ಯಾನ್ ಹಾಕಿ, ಮಕ್ಕಳು ಓದುವ ಜಾಗದ ಮೇಲೆ ಅತಿಥಿಗಳ ಟವೆಲ್ ಹರಡುತ್ತಾಳೆ. ಅರೆಒಣಗಿದ ಟವೆಲ್ಲಿನ ಮುಗ್ಗಲು ವಾಸನೆಗೆ ಬೈಗುಳವೂ ಅವಳ ಪಾಲಿಗೇ. ಎಂಟು ಕಿಲೋದ ಹೀಟ್‌ಪಂಪ್ ಡ್ರೈಯರ್ ಒಂದನ್ನು ತಂದರೆ ಸಾಮಾನ್ಯ ಡ್ರೈಯರಿನ ಅರ್ಧದಷ್ಟು ಕರೆಂಟಿನಲ್ಲಿ ಈ ಕೆಲಸ ಮುಗಿಯುತ್ತದೆ. ಕಾರೈಕುಡಿಯ ಕಂಬಗಳಿಗೆ ಕೊಟ್ಟ ದುಡ್ಡಿನಲ್ಲಿ ಅದು ಬರುತ್ತದೆ. ಯಂತ್ರ ಬೇಡ ಎನ್ನುವವರು ದಪ್ಪ ಟವೆಲ್ಲೂ ಬೇಡ ಎನ್ನುವ ಧೈರ್ಯ ತೋರಲಿ. ತೆಳುವಾದ ಕೈಮಗ್ಗದ ಪಾಣಿಪಂಚೆ ಮೈ ಚೆನ್ನಾಗಿ ಒರೆಸುತ್ತದೆ, ಫ್ಯಾನಿನ ಗಾಳಿಗೆ ರಾತ್ರಿ ಕಳೆಯುವುದರೊಳಗೆ ಆರುತ್ತದೆ. ಆದರೆ ಪಾಣಿಪಂಚೆ ಕೊಟ್ಟ ಮನೆಯನ್ನು ಐಷಾರಾಮಿ ಎಂದು ಈ ವಿಮರ್ಶಕರು ಒಪ್ಪುತ್ತಾರೆಯೇ? ಅವರಿಗೆ ಬೇಕಾಗಿರುವುದು ಯಂತ್ರ ಕಣ್ಣಿಗೆ ಬೀಳದ ಮನೆ. ಹೊರೆ ಯಾರ ಬೆನ್ನ ಮೇಲಿದೆ ಎಂಬ ಪ್ರಶ್ನೆಯನ್ನು ಅವರು ಎತ್ತಿದ್ದು ನಾನು ಓದಿಲ್ಲ.

ಅಡಿಗೆಮನೆಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಗೋಡೆಯೊಳಗೆ ಕೂರಿಸಿದ ಓವನ್, ಡಿಶ್‌ವಾಷರ್, ಇಂಡಕ್ಷನ್ ಒಲೆ ಇವೆ. ಐದು ಲೀಟರಿನ ಕುಕ್ಕರ್, ಇಡ್ಲಿ ಪಾತ್ರೆ, ತುರಿಮಣೆ, ಗಟ್ಟಿ ಮಿಕ್ಸಿ ಇಲ್ಲ. ಅಜ್ಜಿ, ಮಗುವನ್ನು ಕರೆದುಕೊಂಡು ಬರುವ ಕುಟುಂಬಕ್ಕೆ ಮೊದಲು ಬೇಕಾಗುವುದು ಇವೇ. ನೋವಿನ ಸಂಗತಿಯೊಂದಿದೆ. ಬಾಬಾಬುಡನ್‌ಗಿರಿ ಕಣ್ಣಿಗೆ ಕಾಣುವ, ಕಿಟಕಿಯಾಚೆ ಅರೇಬಿಕಾ ಬೆಳೆದು ನಿಂತ ಮನೆಯಲ್ಲಿ ಕ್ಯಾಪ್ಸೂಲ್ ಹಾಕಿ ಒತ್ತುವ ಕಾಫಿ ಯಂತ್ರ. ಒಂದು ಹಿತ್ತಾಳೆ ಫಿಲ್ಟರ್, ಅದೇ ತೋಟದ ಬೀಜವನ್ನು ಆ ವಾರ ಹುರಿದು ಪುಡಿ ಮಾಡಿಸಿದ ಡಬ್ಬಿ ಇಟ್ಟರೆ ಖರ್ಚೂ ಕಡಿಮೆ, ಮರ್ಯಾದೆಯೂ ಹೆಚ್ಚು.

ಒಳ್ಳೆಯದು ಇಲ್ಲವೇ ಇಲ್ಲವೆಂದರೆ ಅನ್ಯಾಯವಾದೀತು. ಹಳೆಯ ಕಾವಿ ನೆಲವನ್ನು ಕೀಳದೆ ಉಜ್ಜಿ ಉಳಿಸಿದ ಮನೆಗಳನ್ನು ಕಂಡಿದ್ದೇನೆ. ಬೆತ್ತ ಹೆಣೆದ ಪ್ಲಾಂಟರ್ ಕುರ್ಚಿ ಹಲವೆಡೆ ಸರಿಯಾದ ಜಾಗದಲ್ಲಿದೆ. ಕೊಡಗಿನ ಕೆಲವರು ಐನ್‌ಮನೆಯ ಐಮರವನ್ನು, ಅಂದರೆ ಜಗಲಿಯ ಕಂಬಗಳ ನಡುವಿನ ಮೋಟುಗೋಡೆಯ ಮೇಲೆ ಹಾಸಿದ ಅಗಲ ಹಲಗೆಯನ್ನು, ಹೊಸ ಮನೆಗೂ ತಂದಿದ್ದಾರೆ. ಮಳೆ ನೋಡುತ್ತ ಕೂರಲು ಅದಕ್ಕಿಂತ ಒಳ್ಳೆಯ ಆಸನವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ಆದರೆ ಇಂಥವು ಬೆರಳೆಣಿಕೆಯಷ್ಟು, ಪತ್ರಿಕೆಗಳ ಚಿತ್ರಗಳಲ್ಲಿ ಇವು ಹಿನ್ನೆಲೆಗೆ ಸರಿದಿರುತ್ತವೆ.

ಒಳಾಂಗಣ ಪತ್ರಿಕೆಗಳ ಸಂಪಾದಕರಲ್ಲಿ ನನ್ನದೊಂದು ವಿನಂತಿ: ಮಲೆನಾಡಿನ ಮನೆಯ ಚಿತ್ರವನ್ನು ಜನವರಿಯಲ್ಲಿ ತೆಗೆಸಬೇಡಿ, ಜುಲೈನಲ್ಲಿ ತೆಗೆಸಿ, ಹಾಸಿಗೆ ಎತ್ತಿಸಿ ನೋಡಿ. ಓದುಗರಿಗೆ ಹೇಳುವುದಿಷ್ಟೆ. ಇಂಥ ಮನೆಗೆ ಮುಂಗಡ ಕಟ್ಟುವ ಮೊದಲು ಗೀಸರ್ ಎಷ್ಟು ಲೀಟರಿನದು, ಕರೆಂಟು ಹೋದರೆ ಬಿಸಿನೀರು ಎಲ್ಲಿಂದ, ಬಟ್ಟೆ ಒಣಗಿಸುವುದು ಎಲ್ಲಿ ಎಂದು ಮಾಲೀಕರನ್ನೇ ಕೇಳಿ. ಉತ್ತರ ಗೊತ್ತಿಲ್ಲದವರಿಗೆ ಆ ಬಾಡಿಗೆ ಕೊಡಬೇಡಿ.